ಹೋಟೆಲಿಗೆ ಏಡಿ ತಂದ ಮೇಷ್ಟ್ರು

ಮೊನ್ನೆ ಮೊಮ್ಮಗಳ ಕಾಲೇಜಿನಲ್ಲಿ ವಿಜ್ಞಾನ ಪ್ರದರ್ಶನ. ಬಾಗಿಲು ದಾಟಿದ್ದೇ ತಡ, ಫಾರ್ಮಾಲಿನ್ ವಾಸನೆ ಬಡಿಯಿತು. ಅವಳು ಮೂಗು ಮುಚ್ಚಿಕೊಂಡಳು. ನನಗೆ ಹಸಿವಾಯಿತು! ಹೇಳಿದರೆ ಯಾರು ನಂಬುತ್ತಾರೆ... ನನ್ನ ಪಾಲಿಗೆ ಅದು ಮೇಷ್ಟ್ರು ಊಟಕ್ಕೆ ಬರುವ ಹೊತ್ತಿನ ವಾಸನೆ.

ಅರವತ್ತರ ದಶಕದ ಕೊನೆ ಇರಬೇಕು. ನಾಸಿಕ್ ರೋಡ್ ಸ್ಟೇಷನ್ನಿನ ಎದುರು ಅಪ್ಪನ ಹೋಟೆಲು. ನಾವು ಕುಂದಾಪುರದ ಕಡೆಯವರು. ಬೋರ್ಡಿನಲ್ಲಿ ಹೋಟೆಲಿನ ಹೆಸರಿಗಿಂತ 'ಶುದ್ಧ ಶಾಕಾಹಾರಿ' ಅನ್ನುವುದೇ ದೊಡ್ಡದಾಗಿತ್ತು. ಮೇಷ್ಟ್ರು ಬೀದರಿನವರು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಒಂಟಿ ಜೀವ. ಕನ್ನಡದವರೆಂದು ಅಪ್ಪ ಅವರನ್ನು ಗಿರಾಕಿಗಳ ಜೊತೆ ಕೂರಿಸುತ್ತಿರಲಿಲ್ಲ. ಹೋಟೆಲಿನ ಹಿಂದಿದ್ದ ನಮ್ಮ ಮನೆಯೊಳಗೇ, ನಮ್ಮ ಪಂಕ್ತಿಯಲ್ಲೇ ಎಲೆ ಹಾಕಿಸುತ್ತಿದ್ದರು.

ಮೇಷ್ಟ್ರಿಗೊಂದು ಹುಚ್ಚು. ಭಾನುವಾರ ಬಂತೆಂದರೆ ಚೀಲದ ತುಂಬ ಫಾರ್ಮಾಲಿನ್ ಬಾಟಲಿ ಹೊತ್ತು ಲಾಸಲಗಾಂವಿನ ಈರುಳ್ಳಿ ಮಾರ್ಕೆಟ್ಟಿಗೋ ಚಾಂದವಡಕ್ಕೋ ಹೋಗಿ, ಜನ ಸೇರಿಸಿ, ಜಿರಳೆ, ಮಿಡತೆ, ಸಿಗಡಿ, ಏಡಿ ತೋರಿಸುವುದು. ಅಲ್ಲಿ ಮರಾಠಿಯಲ್ಲಿ ಹೇಳಿದ್ದನ್ನೇ ನಮಗೆ ಊಟದ ಹೊತ್ತಿಗೆ ಕನ್ನಡದಲ್ಲಿ ಹೇಳುವರು. "ಇವೆಲ್ಲಾ ಒಂದೇ ಮನೆತನದವು ರೀ. ಕಾಲು ನೋಡ್ರಿ, ಗಂಟು ಗಂಟು. ಎಲುಬು ಇಲ್ಲ, ಮೈಮ್ಯಾಲೆ ಚಿಪ್ಪದ. ಇವುಗಳ ಮುತ್ಯಾನ ಮುತ್ಯಾ ಸಮುದ್ರದಾಗಿದ್ದ. ಕೆಲವು ಅಲ್ಲೇ ಉಳದವು, ಕೆಲವು ದಂಡಿಗಿ ಬಂದವು."

"ಹಾಗಾದರೆ ನಮ್ಮ ಹಾಗೆ ಘಟ್ಟ ಹತ್ತಿದವು ಅನ್ನಿ!" ಎಂದು ಅಮ್ಮ ನಗುತ್ತಿದ್ದರು.

ಒಂದು ಭಾನುವಾರ ಧೋ ಎಂದು ಮಳೆ. "ಇಲ್ಲೇ ತೋರಸ್ಲೇನ್ರಿ?" ಅಂದರು. ಅಪ್ಪನೂ ಲಹರಿಯಲ್ಲಿದ್ದರು, ಹೂಂ ಅಂದುಬಿಟ್ಟರು. ಮಳೆಗೆ ಸಿಕ್ಕಿಬಿದ್ದ ಗಿರಾಕಿಗಳೆಲ್ಲ ಮೇಜಿನ ಸುತ್ತ. ನಡುವೆ ಅಂಗೈಯಗಲದ ಏಡಿ, ಪಕ್ಕದಲ್ಲಿ ಜಿರಳೆ. ಶುದ್ಧ ಶಾಕಾಹಾರಿ ಹೋಟೆಲಿನಲ್ಲಿ! ಇಬ್ಬರಿಗೂ ಹೊಳೆಯಲಿಲ್ಲವಲ್ಲ, ಎಂತ ಮಾರಾಯ್ರೆ ಇದು!

ಊರವರಿಗೆಲ್ಲ ಅಪ್ಪ 'ಅಣ್ಣಾ'. ಊರೆಲ್ಲ ಸುದ್ದಿಯಾಯಿತು. ಅಣ್ಣಾನ ಹೋಟೆಲಿನಲ್ಲಿ ಏಡಿ ಬೇಯಿಸುತ್ತಾರಂತೆ, ಸಾಂಬಾರಿನಲ್ಲಿ ಜಿರಳೆಯಂತೆ... ಬೆಂಚುಗಳು ಖಾಲಿಯಾದವು. ಅಪ್ಪ ಗಲ್ಲಾದಲ್ಲಿ ನೊಣ ಹೊಡೆಯುತ್ತ ಕೂತರು. ಕೊನೆಗೊಂದು ದಿನ ಊಟಕ್ಕೆ ಬಂದ ಮೇಷ್ಟ್ರ ಮೇಲೆ ಸಿಡಿದರು: "ಹುಳ ಮುಟ್ಟಿದ ಕೈಯಲ್ಲಿ ಇನ್ನು ಒಳಗೆ ಬರಬೇಡಿ!" ಮೇಷ್ಟ್ರು ಚೀಲ ಎತ್ತಿಕೊಂಡು ಹೊರಟುಹೋದರು.

ಮುಂದಿನ ಭಾನುವಾರದಿಂದ ಎದುರಿನ ಟಾಂಗಾ ಸ್ಟ್ಯಾಂಡಿನಲ್ಲೇ ಬಾಟಲಿ ಜೋಡಿಸತೊಡಗಿದರು. ಏಡಿ, ಜಿರಳೆಯ ಕಥೆ ಮುಗಿಸಿ ನಮ್ಮ ಹೋಟೆಲಿನತ್ತ ಕೈ ತೋರಿಸುವರು. ಈ ಏಡಿ ದಾರಣಾ ಹೊಳೆಯದು, ಹಿಡಿದು ತಂದವನು ನಾನು, ಆ ಅಡುಗೆಮನೆಯಷ್ಟು ಚೊಕ್ಕ ಇನ್ನೊಂದಿಲ್ಲ ಎಂದು ಕೂಗಿ ಹೇಳುವರು. ಗಿರಾಕಿಗಳು ಮೆಲ್ಲಗೆ ಮರಳಿದರು. ಮೇಷ್ಟ್ರು ಮರಳಲಿಲ್ಲ, ಅಪ್ಪನೂ ಕರೆಯಲಿಲ್ಲ.

ಔರಂಗಾಬಾದಿಗೆ, ಅಂದರೆ ಈಗಿನ ಸಂಭಾಜಿನಗರಕ್ಕೆ, ವರ್ಗವಾದಾಗ ಹೊರಡುವ ದಿನ ಬಂದರು. ಕೈಯಲ್ಲಿ ಚೀಲ ಇರಲಿಲ್ಲ. "ಊಟ ಸಿಗತದೇನ್ರಿ?" ಅಂತ ಬಾಗಿಲಲ್ಲೇ ನಿಂತರು. ಅಪ್ಪ ತಾವೇ ಬಡಿಸಿದರು, ತುಪ್ಪ ಧಾರಾಳವಾಗಿ ಸುರಿದರು. ಆದರೆ ಹೊರಗೆ, ಗಿರಾಕಿಗಳ ಬೆಂಚಿನಲ್ಲಿ. ಅಮ್ಮ ಒಳಗೆ ಹಾಕಿದ್ದ ಎಲೆ ಹಾಗೇ ಉಳಿಯಿತು. ನನಗೆ ಅಳು ತಡೆಯಲಾಗಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಅಪ್ಪ ಹಾಸಿಗೆ ಹಿಡಿದಾಗ ಅದೊಂದೇ ಮಾತು: "ಅವರನ್ನು ಒಳಗೆ ಕರೀಬೇಕಿತ್ತು ಮಗಾ. ಹೋಗಿ ಹೇಳಿ ಬಾ." ಸಂಭಾಜಿನಗರಕ್ಕೆ ಹೋಗಿ ಕಾಲೇಜಿನಲ್ಲಿ ವಿಚಾರಿಸಿದೆ. ಮೇಷ್ಟ್ರು ಯಾವತ್ತೋ ತೀರಿಹೋಗಿದ್ದರು.

ಬಂದ ಕೂಡಲೇ ಅಪ್ಪ ಕೇಳಿದರು, "ಹೇಳಿದೆಯಾ?"

"ಹೇಳಿದೆ. ಬರ್ತೇನೆ ಅಂದರು."

ಅಪ್ಪನ ಮುಖ ಎಷ್ಟು ಹಗುರವಾಯಿತೆಂದರೆ... ಈಗ ಅವರೂ ಇಲ್ಲ. ನನ್ನ ಸುಳ್ಳು ನಂಬಿ ಅವರಾದರೂ ನೆಮ್ಮದಿಯಿಂದ ಹೋದರು. ಮೇಷ್ಟ್ರಿಗೆ ಮಾತ್ರ ಆ ಕರೆ ಮುಟ್ಟಲೇ ಇಲ್ಲ. ಅದು ನನಗೆ ಇವತ್ತಿಗೂ ಸಂಕಟ.