ಮತ್ತೆ ಮತ್ತೆ ಪಾಸ್‌ವರ್ಡ್ ಕೇಳುವ ಪೆಟ್ಟಿಗೆ

ಸರಿಯಾದ ಉತ್ತರ ಕೊಟ್ಟವರನ್ನು ಮತ್ತೆ ಅದೇ ಪ್ರಶ್ನೆ ಕೇಳುವುದು ಅವಮಾನ ಮಾಡಿದ ಹಾಗೆ. ಗಣಿತದ ಟೀಚರ್ ಆಗಿದ್ದ ನನಗೆ ಇದು ಚೆನ್ನಾಗಿ ಗೊತ್ತು. ಏಳೆಂಟ್ಲ ಐವತ್ತಾರು ಎಂದು ಸರಿಯಾಗಿ ಹೇಳಿದ ಹುಡುಗಿಯನ್ನು "ಏನಂದೆ? ಏನಂದೆ?" ಎಂದು ಕೇಳುತ್ತಲೇ ಇದ್ದರೆ, ಸ್ವಲ್ಪ ಹೊತ್ತಿಗೆ ಅವಳಿಗೆ ಮಗ್ಗಿಯ ಮೇಲಿನ ನಂಬಿಕೆಯೇ ಹೋಗುತ್ತದೆ. ಹೋದ ಮಳೆಗಾಲದಿಂದ ಸಂಕ್ರಾಂತಿಯವರೆಗೆ ನನ್ನ ಲ್ಯಾಪ್‌ಟಾಪು ನನಗೆ ಮಾಡಿದ್ದು ಇದನ್ನೇ. ಪರದೆಯ ನಡುವೆ ಒಂದು ಬೂದು ಬಣ್ಣದ ಪೆಟ್ಟಿಗೆ ಧುತ್ತೆಂದು ಬರುತ್ತಿತ್ತು. ವೈಫೈ ಪಾಸ್‌ವರ್ಡ್ ಬೇಕು. ಕೊಟ್ಟೆ. ಮತ್ತೆ ಬೇಕು. ಕೊಟ್ಟೆ. ಮತ್ತೆ ಬೇಕು. ಕೊಟ್ಟದ್ದು ತಪ್ಪು ಎಂದು ಬಾಯಿಬಿಟ್ಟು ಹೇಳುವ ಧೈರ್ಯವೂ ಅದಕ್ಕಿಲ್ಲ, ಸುಮ್ಮನೆ ಮತ್ತೆ ಕೇಳುತ್ತದೆ.

ನಾನು ಬೇಲೂರಿನವಳು. ಮದುವೆಯಾಗಿ ಅರಸೀಕೆರೆಗೆ ಬಂದೆ. ಮಾವನವರದು ಕೊಬ್ಬರಿ ವ್ಯಾಪಾರ. ಬೆಳಗಾಗುತ್ತಲೇ ಹಜಾರದ ತುಂಬ ಜನ, ಫೋನು, ಟೆಂಡರಿನ ಮಾತು. ಮದುವೆಗೆ ಮೊದಲು ಹಳೇಬೀಡಿನ ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ, ಮಗು ಹುಟ್ಟಿದ ಮೇಲೆ ಅದು ನಿಂತಿತ್ತು. ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾದಾಗ ಒಂದು ಕೆಲಸ ತಾನಾಗಿ ಬಂತು. ಅರೇಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತಕ್ಕೆ ಟೀಚರ್ ಇರಲಿಲ್ಲ. ಹತ್ತನೇ ತರಗತಿಯ ಮಕ್ಕಳನ್ನು ಒಂದು ದೊಡ್ಡ ಪರದೆಯ ಮುಂದೆ ಕೂರಿಸುತ್ತೇವೆ, ನೀವು ಮನೆಯಿಂದಲೇ ಪಾಠ ಮಾಡಿ ಎಂದರು. ವಾರಕ್ಕೆ ಎರಡು ಪಾಠ, ಬೆಳಗ್ಗೆ ಹನ್ನೊಂದಕ್ಕೆ. ಆ ಮಾತು ಕೇಳಿದ ದಿನ ನಾನು ಅಡುಗೆಮನೆಯಲ್ಲಿ ಒಬ್ಬಳೇ ನಕ್ಕಿದ್ದೆ. ಸಂಬಳಕ್ಕಿಂತ ಹೆಚ್ಚಾಗಿ, ನನ್ನನ್ನು ಯಾರೋ ಮತ್ತೆ ಟೀಚರ್ ಎಂದು ಕರೆಯುತ್ತಾರೆ ಎನ್ನುವುದೇ ದೊಡ್ಡದಾಗಿತ್ತು.

ಪಾಠ ಮಾಡಲು ಕೊಬ್ಬರಿ ಗೋದಾಮಿನ ಪಕ್ಕದ ಹಿಂದಿನ ಕೋಣೆ ಹಿಡಿದೆ. ಹಜಾರದ ಗದ್ದಲ ಅಲ್ಲಿಗೆ ಕೇಳಿಸುವುದಿಲ್ಲ. ಮೊಬೈಲಿನ ಸಿಗ್ನಲ್ ಒಂದು ಕಡ್ಡಿಯೂ ಬರುವುದಿಲ್ಲ, ಹಾಗಾಗಿ ವೈಫೈಯೇ ಗತಿ. ನನ್ನ ಲ್ಯಾಪ್‌ಟಾಪು ಹಳೆಯದು. ಮೊದಲಿದ್ದ ಸಾಫ್ಟ್‌ವೇರ್ ಹಾಕಿಕೊಂಡು ಏದುಸಿರು ಬಿಡುತ್ತಿತ್ತು. ಅದನ್ನು ತೆಗೆದು, ಪುಕ್ಕಟೆ ಸಿಗುವ ಲಿನಕ್ಸನ್ನು ನಾನೇ ವಿಡಿಯೋ ನೋಡಿಕೊಂಡು ಹಾಕಿದೆ. ಹಾಕಿದ ಮೇಲೆ ಅದು ಎಳೆಗರುವಿನ ಹಾಗೆ ಓಡಿತು. ಅದೇ ನಾನು ಮಾಡಿದ ಮಹಾಪರಾಧ ಎಂದು ಆಮೇಲೆ ಮನೆಯವರೆಲ್ಲ ಒಂದೇ ಬಾಯಲ್ಲಿ ಹೇಳಿದರು.

ವೈಫೈಯ ಡಬ್ಬಿ ಎಲ್ಲಿತ್ತು ಎನ್ನುವುದನ್ನೂ ಹೇಳಬೇಕು. ನಮ್ಮ ಮನೆಯಲ್ಲಿ ಹೊಸದೇನು ಬಂದರೂ ಮೊದಲು ದೇವರ ಮುಂದೆ ಇಡುವುದು ಪದ್ಧತಿ. ತಕ್ಕಡಿಯ ಹೊಸ ಬಟ್ಟು ಬಂದರೂ, ಸ್ಕೂಟರಿನ ಕೀಲಿ ಬಂದರೂ, ಮಗಳ ಹೊಸ ಬ್ಯಾಗು ಬಂದರೂ ದೇವರ ಮನೆಯಲ್ಲಿರುವ ವೀರಭದ್ರನ ಮಂಟಪದಲ್ಲಿ ಒಂದು ದಿನ ಕೂತು, ವಿಭೂತಿ ಹಚ್ಚಿಸಿಕೊಂಡೇ ಹೊರಗೆ ಬರಬೇಕು. ಇಂಟರ್ನೆಟ್ಟಿನ ಲೈನು ಬಂದದ್ದು ಸೋಮವಾರ. ಅತ್ತೆ ಆ ಡಬ್ಬಿಯನ್ನೂ ಮಂಟಪದಲ್ಲಿಟ್ಟು ವಿಭೂತಿ ಹಚ್ಚಿದರು. ಲೈನಿನವನು ನೋಡಿದ, ದೇವರ ಮನೆಯ ಕಿಟಕಿಯಿಂದಲೇ ವೈರು ತಂದು, ಮೊಳೆ ಹೊಡೆದು, ಅಲ್ಲೇ ಜೋಡಿಸಿ ಹೋದ. ದೇವರ ಹತ್ತಿರ ಅಷ್ಟು ಚೆನ್ನಾಗಿ ಕೂತದ್ದನ್ನು ಕೀಳುವುದು ಬೇಡ ಎಂದು ಅತ್ತೆ ಅಂದರು. ಅಂದಿನಿಂದ ಹಸಿರು ದೀಪ ಮಿಣುಕಿಸುತ್ತ ಅದು ನಂದಾದೀಪದ ಪಕ್ಕದಲ್ಲೇ ಇತ್ತು. ಪಾಸ್‌ವರ್ಡನ್ನೂ ಅತ್ತೆಯೇ ಹೇಳಿ ಹಾಕಿಸಿದ್ದರು. ಮನೆದೇವರ ಹೆಸರು, ಅದರ ಹಿಂದೆ ಮಾವನವರ ಮೊದಲ ಸ್ಕೂಟರಿನ ನಂಬರು.

ಶುರುವಿನ ಜಗಳ ಬೇರೆಯದು. ಲ್ಯಾಪ್‌ಟಾಪು ತೆರೆದ ಕೂಡಲೇ ಅದು ವೈಫೈಯ ಪಾಸ್‌ವರ್ಡ್ ಕೇಳುತ್ತಿರಲಿಲ್ಲ, ಕೀಲಿಗೊಂಚಲಿನ ಪಾಸ್‌ವರ್ಡ್ ಕೇಳುತ್ತಿತ್ತು. ಅಂದರೆ ಪಾಸ್‌ವರ್ಡುಗಳನ್ನೆಲ್ಲ ಅದು ಒಂದು ಗೊಂಚಲಿನಲ್ಲಿ ಬಚ್ಚಿಟ್ಟುಕೊಂಡು, ಆ ಗೊಂಚಲು ತೆಗೆಯಲು ನನ್ನನ್ನೇ ಇನ್ನೊಂದು ಪಾಸ್‌ವರ್ಡ್ ಕೇಳುವುದು. ಅತ್ತೆಯ ಸೊಂಟದಲ್ಲಿ ಬೀರುವಿನ ಕೀಲಿ ಇರುತ್ತದೆ, ನಿಜ. ಆದರೆ ಆ ಸೊಂಟಕ್ಕೆ ಬೀಗ ಇರುವುದಿಲ್ಲವಲ್ಲ. ಇದಕ್ಕೆ ಮದ್ದು ನಾನೇ ಹುಡುಕಿದೆ. ನೆಟ್‌ವರ್ಕಿನ ಸೆಟ್ಟಿಂಗಿನಲ್ಲಿ, ಈ ಪಾಸ್‌ವರ್ಡನ್ನು ಇವಳೊಬ್ಬಳಿಗೆ ಅಂತ ಇಡಬೇಡ, ಈ ಯಂತ್ರ ಬಳಸುವ ಎಲ್ಲರಿಗೂ ಅಂತ ಇಡು ಎಂದು ಒಂದು ಗುರುತು ಹಾಕಿದೆ. ಗೊಂಚಲಿನ ಕಾಟ ಅಲ್ಲಿಗೆ ತೀರಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಬೂದು ಪೆಟ್ಟಿಗೆ ಬಂದದ್ದು ಆಮೇಲೆ. ಪಾಠ ಶುರುವಾಗುವ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಅತ್ತ ಅರೇಹಳ್ಳಿಯಲ್ಲಿ ನನ್ನ ಮುಖ ಬಾಯಿ ತೆರೆದ ಹಾಗೇ ಪರದೆಯ ಮೇಲೆ ನಿಂತುಬಿಡುತ್ತಿತ್ತಂತೆ. ಮಕ್ಕಳು ನಕ್ಕರಂತೆ. ನಗದೆ ಏನು ಮಾಡುತ್ತಾರೆ. ಇತ್ತ ನಾನು ಪಾಸ್‌ವರ್ಡ್ ಹೊಡೆದು ಹೊಡೆದು ಬೆರಳು ನೋಯಿಸಿಕೊಳ್ಳುತ್ತಿದ್ದೆ. ಒಂದು ದಿನ ಇಡೀ ಪಾಠ ಹೋಯಿತು. ಇನ್ನೊಂದು ದಿನ ಅರ್ಧ.

ಸಂಜೆ ಗಂಡನಿಗೆ ತೋರಿಸಿದೆ. ಅವರು ಅಂಗಡಿಯಿಂದ ಬರುವುದು ದೀಪ ಹಚ್ಚುವ ಹೊತ್ತಿಗೆ. ಅವರು ಬಂದು ಪಕ್ಕದಲ್ಲಿ ಕೂತ ಕೂಡಲೇ ವೈಫೈ ಸಾಧು ಮಗುವಿನ ಹಾಗೆ ಸೇರಿಕೊಂಡಿತು.

"ಬತ್ತಾ ಐತಲ್ಲೇ" ಅಂದರು. "ತಪ್ಪು ಹೊಡ್ದಿರ್ತೀಯ. ಆ ಲಿನಕ್ಸು ಗಿನಕ್ಸು ತೆಗ್ದು ಎಲ್ಲರ ಥರ ಇರೋದನ್ನ ಹಾಕ್ಕೊ."

"ನಾನು ಸರಿಯಾಗೇ ಹೊಡೆದಿದ್ದೀನಿ ರೀ."

"ಹಂಗಾದ್ರೆ ಅದ್ಯಾಕೆ ಕೇಳ್ತೈತೆ?"

ಲ್ಯಾಪ್‌ಟಾಪು ಮುಚ್ಚಿ ಒಳಗೆ ಹೋದೆ. ಅತ್ತೆಯಂತೂ ಬೇಳೆ ಆರಿಸುತ್ತ ತಲೆ ಎತ್ತದೆ ತೀರ್ಪು ಕೊಟ್ಟರು. "ನಿಂಗೆ ಕೈ ಅವಸರ ಕಣೇ. ನಿಧಾನಕ್ಕೆ ಹೊಡಿ. ದೇವರ ಹೆಸರು, ಹೆಂಗೆ ತಪ್ತೈತೆ ಅದು?" ಅವರ ಫೋನು ಚೆನ್ನಾಗಿ ನಡೆಯುತ್ತಿತ್ತು, ಮಾವನದೂ ನಡೆಯುತ್ತಿತ್ತು. ಹಜಾರದಲ್ಲಿ ವೈಫೈ ಹೋದರೆ ಅವು ಸದ್ದಿಲ್ಲದೆ ಸಿಮ್ಮಿನ ಡೇಟಾ ಹಿಡಿಯುತ್ತಿದ್ದವು ಎನ್ನುವುದನ್ನು ಯಾರೂ ಗಮನಿಸಿರಲಿಲ್ಲ. ಮನೆಯಲ್ಲಿ ಕೆಟ್ಟಿರುವುದು ನಾನೊಬ್ಬಳೇ ಎಂದಾಯಿತು.

ಲೈನಿನವರಿಗೆ ಫೋನು ಮಾಡಿದೆ. "ಮನೇಲಿ ಸರ್ ಇದ್ದಾರಾ ಮೇಡಂ? ಅವರಿಗೆ ಕೊಡಿ" ಎಂದಳು ಅಲ್ಲಿದ್ದ ಹುಡುಗಿ. ಅವಳೂ ಹೆಣ್ಣೇ. ಕೆಲಸ ನನ್ನದು, ಪಾಠ ನನ್ನದು, ಲ್ಯಾಪ್‌ಟಾಪು ನನ್ನದು, ಮಾತಾಡಲು ಮಾತ್ರ ಸರ್ ಬೇಕು. ಕೊನೆಗೆ ಒಂದು ಸಂಜೆ ಒಬ್ಬ ಬಂದ. ಹಜಾರದಲ್ಲಿ ನಿಂತು ತನ್ನ ಫೋನಿನಲ್ಲಿ ಏನೋ ನೋಡಿ, "ಫುಲ್ ಬರ್ತೈತಲ್ಲ ಮೇಡಂ, ಪಾಸ್‌ವರ್ಡ್ ಸರಿಯಾಗಿ ಹಾಕಿ" ಎಂದು ಹೇಳಿ, ಅತ್ತೆ ಕೊಟ್ಟ ಕಾಫಿ ಕುಡಿದು ಹೋದ. ಹಿಂದಿನ ಕೋಣೆಯ ಹೊಸ್ತಿಲು ಕೂಡ ತುಳಿಯಲಿಲ್ಲ.

ರೋಸಿಹೋಗಿ ಒಂದು ಶನಿವಾರ ಲ್ಯಾಪ್‌ಟಾಪು ಬ್ಯಾಗಿಗೆ ಹಾಕಿಕೊಂಡು ತವರಿಗೆ ಹೊರಟೆ. ಬೇಲೂರಿನ ಮನೆಯಲ್ಲಿ ಎರಡು ದಿನ, ಅಲ್ಲಿನ ವೈಫೈ ಹಾಕಿಕೊಂಡು, ಬೇಕೆಂದೇ ಮೂಲೆ ಮೂಲೆಯಲ್ಲಿ ಕೂತು ನೋಡಿದೆ. ಬೂದು ಪೆಟ್ಟಿಗೆ ಒಮ್ಮೆಯೂ ಬರಲಿಲ್ಲ. ವಾಪಸು ಬರುವಾಗ ಹಳೇಬೀಡಿನಲ್ಲಿ ಬಸ್ಸು ನಿಂತಾಗ, ನಾನು ಕಲಿಸುತ್ತಿದ್ದ ಶಾಲೆಯ ಮಕ್ಕಳು ಗುಂಪಾಗಿ ರಸ್ತೆ ದಾಟುತ್ತಿದ್ದರು. ಅಷ್ಟು ಹೊತ್ತಿಗೆ ಫೋನು ಬಂತು. ಪಾಠಗಳನ್ನು ಏರ್ಪಡಿಸಿದ ಮೇಡಂ. ದನಿ ಮೆತ್ತಗೇ ಇತ್ತು.

"ಪರೀಕ್ಷೆ ಹತ್ತಿರ ಬಂತು ಕಣ್ರೀ. ಗುರುವಾರವೂ ಹೀಗೇ ಆದರೆ ನಾನು ಬೇರೆ ಯಾರಿಗಾದರೂ ಕೊಡಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಬೇಜಾರಾಗಲಿಲ್ಲ, ಕೋಪ ಬಂತು. ಬಸ್ಸಿನ ಕಂಬಿ ಹಿಡಿದುಕೊಂಡು ಅರಸೀಕೆರೆಯವರೆಗೂ ಹಲ್ಲು ಕಚ್ಚಿ ಕೂತಿದ್ದೆ. ಕದ್ದಿದ್ದರೆ, ಸೋಮಾರಿಯಾಗಿದ್ದರೆ, ಪಾಠ ಬರದಿದ್ದರೆ ಕೆಲಸ ಹೋಗಲಿ. ಸರಿಯಾದ ಉತ್ತರ ಕೊಟ್ಟೂ ಹೋಗಬೇಕೆ?

ಬುಧವಾರ ಅತ್ತೆ ನೆಂಟರ ಜೊತೆ ಮಾಲೇಕಲ್ಲು ಬೆಟ್ಟದ ದೇವಸ್ಥಾನಕ್ಕೆ ಹೋದರು. ಅವತ್ತು ಇಡೀ ದಿನ ಹಿಂದಿನ ಕೋಣೆಯಲ್ಲಿ ಕೂತು ಮರುದಿನದ ಪಾಠ ತಯಾರು ಮಾಡಿದೆ. ವೈಫೈ ಒಂದು ಸಲವೂ ಕೈಕೊಡಲಿಲ್ಲ. ದರಿದ್ರ ತೊಲಗಿತು ಅಂದುಕೊಂಡೆ. ಗುರುವಾರ ಬೆಳಗ್ಗೆ ಹತ್ತೂವರೆಗೇ ಲ್ಯಾಪ್‌ಟಾಪು ತೆರೆದು ಕೂತೆ. ಎಲ್ಲ ಸರಿಯಿತ್ತು. ಒಳಗೆ ಅತ್ತೆ ಮಂಗಳಾರತಿ ಮುಗಿಸಿದ್ದು ಕೇಳಿಸಿತು. ನೈವೇದ್ಯ ಆದ ಮೇಲೆ ಅವರು ಮಂಟಪದ ಬಾಗಿಲು ಹಾಕುತ್ತಾರೆ, ಮತ್ತೆ ತೆಗೆಯುವುದು ಸಂಜೆ ದೀಪಕ್ಕೇ. ಬಾಗಿಲಿಗೆ ಸಾಲಾಗಿ ಗೆಜ್ಜೆಗಳಿವೆ. ಗೆಜ್ಜೆ ಝಲ್ಲೆಂದಿತು. ನಾನೊಂದು ಲೆಕ್ಕ ಬರೆಯುತ್ತಿದ್ದೆ, ಅದು ಮುಗಿಯುವುದರೊಳಗೆ ಬೂದು ಪೆಟ್ಟಿಗೆ ಬಂತು.

ಆಗ ಹೊಳೆಯಿತು. ಆ ಬಾಗಿಲು ತೇಗದ್ದು, ಆದರೆ ಒಳಗೂ ಹೊರಗೂ ಹಿತ್ತಾಳೆ ತಗಡು ಬಡಿದಿದ್ದಾರೆ. ಮಂಟಪದ ಮೂರು ಗೋಡೆಗೂ ಹಿತ್ತಾಳೆ. ಅದನ್ನು ಮುಚ್ಚಿದರೆ ಒಳಗಿರುವ ಡಬ್ಬಿಯ ದನಿ ನನ್ನ ಕೋಣೆಯವರೆಗೆ ತಲುಪುವುದು ಹೇಗೆ? ನಿನ್ನೆ ಮಾವ ದೀಪ ಹಚ್ಚಿ, ಬಾಗಿಲು ಹಾಕುವುದನ್ನು ಮರೆತು ಅಂಗಡಿಗೆ ಹೋಗಿದ್ದರು. ಸಂಜೆ ಗಂಡ ಬರುವ ಹೊತ್ತಿಗೆ ದಿನವೂ ಬಾಗಿಲು ತೆರೆದಿರುತ್ತಿತ್ತು. ಅಂದರೆ ಈ ಲ್ಯಾಪ್‌ಟಾಪಿಗೆ ಆಚೆಯ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ಕೇಳಿಸುತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಬಿಟ್ಟು, ಪಾಸ್‌ವರ್ಡ್ ಕೊಡು ಎಂದು ನನ್ನ ಮೇಲೆ ಗೂಬೆ ಕೂರಿಸುತ್ತಿತ್ತು. ಯಾರು ಬರೆದರೋ ಆ ಪೆಟ್ಟಿಗೆಯನ್ನು, ಅವರ ಕೈಗೆ ಒಂದು ವಾರ ನನ್ನ ಪಾಠ ಕೊಡಬೇಕು.

ಅತ್ತೆಯ ಹತ್ತಿರ ಓಡಿದೆ. ಬಾಗಿಲು ತೆಗೆಯಬೇಕು ಎಂದೆ.

"ನೈವೇದ್ಯ ಆಗೈತೆ. ಈಗ ತೆಗೆಯಂಗಿಲ್ಲ" ಅಂದರು. "ತಪ್ಪು ನೀನು ಹೊಡ್ದು ದೇವರ ಬಾಗಿಲ ಮೇಲೆ ಹಾಕ್ತೀಯಾ?"

ನನ್ನ ಸಹನೆ ಅಲ್ಲಿಗೆ ಮುಗಿಯಿತು. ಮದುವೆಯಾಗಿ ಬಂದ ಮೇಲೆ ಅತ್ತೆಗೆ ಎದುರು ಮಾತಾಡಿದ್ದು ಅದೇ ಮೊದಲು. "ಹಾಗಾದರೆ ನೀವೇ ಬಂದು ಹೊಡೀರಿ. ದೇವರ ಹೆಸರು ಇಟ್ಟವರು ನೀವೇ ಅಲ್ಲವಾ? ನಿಮಗೆ ತಪ್ಪುತ್ತಾ ನೋಡೋಣ."

ಬರುವುದಿಲ್ಲ ಅಂದುಕೊಂಡಿದ್ದೆ. ಬಂದರು. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ನನ್ನ ಕುರ್ಚಿಯಲ್ಲಿ ಕೂತರು. ಮಠದ ಬಳಗದ ಗ್ರೂಪಿಗೆ ದಿನವೂ ಮೆಸೇಜು ಹಾಕುವವರು, ಇಂಗ್ಲಿಷ್ ಅಕ್ಷರ ಅವರಿಗೆ ಹೊಸದಲ್ಲ. ಹೊಡೆಯುವುದು ಕಾಣಲಿ ಎಂದು ಪೆಟ್ಟಿಗೆಯ ಕಣ್ಣಿನ ಗುರುತು ಒತ್ತಿ ಕೊಟ್ಟೆ. ಒಂದು ಬೆರಳಿನಿಂದ, ಒಂದೊಂದು ಅಕ್ಷರವನ್ನೂ ಬಾಯಲ್ಲಿ ಹೇಳಿಕೊಳ್ಳುತ್ತ, ದೇವರ ಹೆಸರು ಹೊಡೆದರು. ಸ್ಕೂಟರಿನ ನಂಬರು ಹೊಡೆದರು. ಎಂಟರ್ ಒತ್ತಿದರು. ಚಕ್ರ ತಿರುಗಿತು. ಪೆಟ್ಟಿಗೆ ಮತ್ತೆ ಬಂತು.

ಅತ್ತೆ ನನ್ನ ಮುಖ ನೋಡಲಿಲ್ಲ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಇನ್ನೂ ನಿಧಾನವಾಗಿ ಮತ್ತೆ ಹೊಡೆದರು. ಮತ್ತೆ ಬಂತು.

"ಸರಿಯಾಗೇ ಹೊಡ್ದೆ ಕಣೇ ನಾನು" ಅಂದರು. ದನಿ ಸಣ್ಣಗಾಗಿತ್ತು.

"ಗೊತ್ತು ಅತ್ತೆ."

"ನನ್ನ ಮನೆದೇವರ ಹೆಸರು ನಂಗೆ ಬರಲ್ಲ ಅಂತೈತಾ ಇದು?"

ಎದ್ದು ಹೋದರು. ಗೆಜ್ಜೆಯ ಸದ್ದು ಕೇಳಿಸಿತು. ನನ್ನ ಕಣ್ಣೆದುರೇ ಪೆಟ್ಟಿಗೆ ಮಾಯವಾಗಿ ವೈಫೈ ಸೇರಿತು. ಹನ್ನೊಂದಕ್ಕೆ ಇನ್ನೂ ಒಂದೆರಡು ನಿಮಿಷ ಇತ್ತು. ಅರೇಹಳ್ಳಿಯ ಮಕ್ಕಳ ಮುಖಗಳು ಬಂದವು, "ನಮಸ್ತೇ ಮಿಸ್" ಎಂದು ರಾಗ ಎಳೆದವು. ವರ್ಗ ಸಮೀಕರಣ ಪೂರ್ತಿ ಮಾಡಿದೆ, ಎಲ್ಲೂ ನಿಲ್ಲಲಿಲ್ಲ. ಮುಗಿಸಿ ಬಂದಾಗ ಅತ್ತೆ ದೇವರ ಮನೆಯಲ್ಲೇ ಮಣೆ ಹಾಕಿಕೊಂಡು ಕೂತಿದ್ದರು. ಗಾಳಿಗೆ ಬಾಗಿಲು ಮುಚ್ಚಿಕೊಳ್ಳದಂತೆ ಒಂದು ಕೈ ಅದರ ಮೇಲಿತ್ತು.

ಮುಂದಿನ ಸೋಮವಾರ ಅವರು ಡಬ್ಬಿಯ ಮೇಲೆ ಅಕ್ಷತೆ ಹಾಕಿ, ಗೌರಿಯನ್ನು ಕಳಿಸುವಾಗ ಮಾಡುವ ಹಾಗೆ ಸ್ವಲ್ಪ ಉತ್ತರಕ್ಕೆ ಅಲುಗಿಸಿ, ಮಂಟಪದಿಂದ ಹೊರಗೆ ತಂದರು. ಲೈನಿನವನನ್ನು ಅವರೇ ಕರೆಸಿ, ಗೋದಾಮಿನ ಗೋಡೆಗೆ ಹಾಕಿಸಿದರು. ಅವನಿಗೆ ಕಾಫಿ ಕೊಡಲಿಲ್ಲ.

ನನ್ನ ಕೆಲಸ ಉಳಿಯಿತು. ಆದರೂ ನನ್ನ ಸಿಟ್ಟು ಪೂರ್ತಿ ಇಳಿಯಲಿಲ್ಲ, ಈಗಲೂ ಇಳಿದಿಲ್ಲ. ಅಷ್ಟು ತಿಂಗಳು ನಾನು ಹೇಳಿದ್ದು ನಿಜ ಎಂದು ಆ ಮನೆಯಲ್ಲಿ ಯಾರಿಗೂ ಅನ್ನಿಸಲಿಲ್ಲ. ಅತ್ತೆಗೆ ಆ ಪೆಟ್ಟಿಗೆ ಎರಡು ಸಲ ಇಲ್ಲ ಎಂದದ್ದೇ ಸಾಕಾಯಿತು. ನನ್ನ ಮಾತಿಗಿಂತ ಅವರ ಬೆರಳಿಗೇ ಬೆಲೆ ಜಾಸ್ತಿ.

ಹೋದ ವಾರ ಸಂಜೆ ಕರೆಂಟು ಹೋಗಿ ಬಂತು. ಡಬ್ಬಿ ಇನ್ನೂ ಎದ್ದಿರಲಿಲ್ಲವೇನೋ, ಲ್ಯಾಪ್‌ಟಾಪಿನಲ್ಲಿ ಅದೇ ಬೂದು ಪೆಟ್ಟಿಗೆ ಬಂತು. ಗಂಡ ಟಿವಿಯ ಮುಂದೆ ಕೂತಿದ್ದರು. ಕತ್ತು ಕೂಡ ತಿರುಗಿಸದೆ, "ಏನೋ ತಪ್ಪು ಹೊಡ್ದಿರ್ತೀಯ ನೋಡು" ಅಂದರು. ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಉತ್ತರ ಬಂತು.

"ಅವಳು ಸರಿಯಾಗೇ ಹೊಡ್ದವ್ಳೆ. ನೀನು ಸುಮ್ಕಿರೋ."