ದೊಡ್ಡಮ್ಮ ಇಳಿಯದ ಕಡವು

ದೊಡ್ಡಮ್ಮನ ನಡುನೆತ್ತಿಯಲ್ಲಿ ರೂಪಾಯಿಯಗಲ ಕೂದಲಿರಲಿಲ್ಲ. ಹಸಿ ಹಂಚು ಹೊತ್ತು ಹೊತ್ತು ಸವೆದ ಜಾಗ ಅದು. ಕಡಬದ ಹತ್ತಿರ ಹೊಳೆಬದಿಯಲ್ಲಿದ್ದ ಹಂಚಿನ ಕಾರ್ಖಾನೆಗೆ ಬೀಗ ಬೀಳುವವರೆಗೂ ಅವರು ಅಲ್ಲೇ ದುಡಿದರು. ಮದುವೆಯಾಗಲಿಲ್ಲ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವರು ಅವರೇ. ಮಾತು ಕಡಿಮೆ. ಮೀನು ಸಾರು ಕುದಿಯುವಾಗ ಮಾತ್ರ ಏನೋ ಗುನುಗುತ್ತಿದ್ದರು. ಯಾರಾದರೂ ಒಳಗೆ ಬಂದರೆ ನಿಲ್ಲಿಸಿಬಿಡುತ್ತಿದ್ದರು.

ಕೆಲವು ವರ್ಷಗಳ ಹಿಂದೆ ನಾನೊಂದು ಗಾಳಿ ತುಂಬುವ ದೋಣಿ ಕೊಂಡೆ. ರಜೆಯ ದಿನ ಹುಟ್ಟು ಹಾಕುತ್ತಾ ಹೊಳೆ ಸುತ್ತುವುದು ನನ್ನ ಹುಚ್ಚು. ಒಂದು ಬೆಳಿಗ್ಗೆ ದೊಡ್ಡಮ್ಮ ಸೀರೆ ಎತ್ತಿ ಕಟ್ಟಿ ದಡದಲ್ಲಿ ನಿಂತಿದ್ದರು.

“ನಾನೂ ಬರುದು. ಕಾರ್ಖಾನೆ ನೋಡ್ಬೇಕು.”

ಕಾರ್ಖಾನೆಯದ್ದೆಂದು ಉಳಿದಿದ್ದು ಚಿಮಣಿ ಮಾತ್ರ. ನೀರಿನ ತಳದಲ್ಲಿ ಒಡೆದ ಹಂಚುಗಳು ಕೆಂಪಗೆ ಕಾಣುತ್ತಿದ್ದವು. ದೊಡ್ಡಮ್ಮ ಅತ್ತ ಹೆಚ್ಚು ಹೊತ್ತು ನೋಡಲಿಲ್ಲ.

“ಇನ್ನೂ ಕೆಳಗೆ ಹೋಗುವ. ದೋಣಿ ಕಟ್ಟುವ ಕಡವು ಉಂಟು ಅಲ್ಲಿ, ಅವನದ್ದು.”

“ಯಾರದ್ದು?”

“ಮಣ್ಣಿನ ದೋಣಿಯವನದ್ದು.”

ನನಗೆ ಗೊತ್ತಾದದ್ದೇ ಅವತ್ತು. ಕಾರ್ಖಾನೆಗೆ ಜೇಡಿಮಣ್ಣು ತರುತ್ತಿದ್ದ ದೋಣಿಯವನು ಹೆಣ್ಣು ಕೇಳಿಕೊಂಡು ಮನೆಗೆ ಬಂದಿದ್ದನಂತೆ. ಜಾತಿ ಬೇರೆಯೆಂದು ಅಜ್ಜ ಅಂಗಳದಿಂದಲೇ ಕಳಿಸಿದರಂತೆ. “ನೀನು ಹೂಂ ಅಂದ್ರೆ ನಾಳೆ ದೋಣಿಯಲ್ಲೇ ಕರ್ಕೊಂಡು ಹೋಗ್ತೇನೆ” ಎಂದು ಅವನು ಹೇಳಿ ಹೋದನಂತೆ. ಮರುದಿನ ದೊಡ್ಡಮ್ಮ ಕೆಲಸಕ್ಕೇ ಹೋಗಲಿಲ್ಲ.

ಹೊಳೆಯ ತಿರುವಿನಾಚೆ ಕಡವು ಕಂಡಿತು. ಮೆಟ್ಟಿಲ ಮೇಲೆ ಮುದುಕರೊಬ್ಬರು ಬಲೆ ಕೊಡವುತ್ತಿದ್ದರು.

“ಯಾರು? ಇಳೀರಿ ಮಾರಾಯ್ರೆ, ಬೆಲ್ಲ ನೀರು ಕುಡ್ದು ಹೋಗಿ.”

ದೊಡ್ಡಮ್ಮ ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದರು. ಒಂದು ಕಾಲು ನೀರಿಗೂ ಇಟ್ಟರು. ಆಮೇಲೆ ಸೆರಗನ್ನು ತಲೆಗೆ ಎಳೆದುಕೊಂಡು, “ಬೇಡ, ನಾವು ದಾರಿ ತಪ್ಪಿ ಬಂದದ್ದು” ಎಂದರು. ನನ್ನ ಕಡೆಗೆ ಮೆಲ್ಲಗೆ, “ತಿರುಗಿಸು.”

ಕಾರ್ಖಾನೆ ದಾಟಿ ಬಂದ ಮೇಲೆಯೇ ಅವರು ಬಾಯಿ ಬಿಟ್ಟಿದ್ದು.

“ನಾನು ಇಳೀಬಹುದಿತ್ತು. ಎಂತ ಹೆದರಿಕೆ ನಂಗೆ, ಈ ಪ್ರಾಯದಲ್ಲಿ?”

ಮಳೆಗಾಲ ಮುಗಿದು ನೀರು ಇಳಿದ ಮೇಲೆ ಮತ್ತೆ ಹೋಗುವುದೆಂದು ಮಾತಾಯಿತು. ಅದೇ ಮಳೆಗಾಲದಲ್ಲಿ ಜ್ವರ ಹಿಡಿದು ದೊಡ್ಡಮ್ಮ ತೀರಿಕೊಂಡರು.

ನೀರು ಇಳಿದಾಗ ನಾನೊಬ್ಬನೇ ಆ ಕಡವಿಗೆ ಹೋಗಿ ವಿಷಯ ತಿಳಿಸಿದೆ. ಮುದುಕರು ಕೈಯಲ್ಲಿದ್ದ ಬಲೆಯನ್ನು ಬದಿಗಿಟ್ಟು ಮೆಟ್ಟಿಲ ಮೇಲೆ ಕೂತರು.

“ಸ್ವರ ಕೇಳಿದ ಕೂಡ್ಲೆ ನಂಗೆ ಗುರ್ತ ಸಿಕ್ಕಿತ್ತು” ಎಂದರು. “ಮೊದಲೊಮ್ಮೆ ಕರೆದಾಗಿತ್ತಲ್ಲ. ಈ ಸಲ ಅವಳಾಗಿ ಇಳೀಲಿ ಅಂತ ಸುಮ್ಮನಿದ್ದೆ.”