ನಮ್ಮ ಹಡಗಿನ ಹಾರನ್ ಅಳಿಸಿದ ಪುಣ್ಯಾತ್ಮ

ಫ್ರೆಂಡ್ಸ್, ಸಿಟ್ಟು ಇನ್ನೂ ಇಳಿದಿಲ್ಲ! ನಮ್ಮ ಮದುವೆಯ ವಿಡಿಯೋ ಇವತ್ತು ಬಂತು. ಹರಿಹರದ ಹೊಳೆ ದಂಡೆಯಲ್ಲಿ ನಾವಿಬ್ಬರೂ ನಡೆಯುವ ದೃಶ್ಯಕ್ಕೆ ನಾನೇ ಸಂಗೀತ ಆರಿಸಿ ಕೊಟ್ಟಿದ್ದೆ. ಅದು ನಾವು ಆಡುವ ವಿಡಿಯೋ ಗೇಮಿನದು. ನನಗೂ ಗಂಡನಿಗೂ ಪರಿಚಯವಾದದ್ದೇ ಆ ಆಟದಲ್ಲಿ. ಆಟ ನಡೆಯುವುದು ಹಳೇ ಕಾಲದ ಪ್ರಯಾಣಿಕರ ದೊಡ್ಡ ಹಡಗಿನಲ್ಲಿ; ಸಂಗೀತದಲ್ಲಿ ಗ್ರಾಮಫೋನಿನ ಗರಗರ, ಪಿಯಾನೋ, ಅಲೆ, ದೂರದಲ್ಲೊಂದು ಹಾರನ್. ಕಣ್ಣು ಮುಚ್ಚಿದರೆ ನೂರು ವರ್ಷ ಹಿಂದಿನ ಡೆಕ್ ಮೇಲೆ ನಿಂತಿರುತ್ತೇವೆ!

ವಿಡಿಯೋದಲ್ಲಿ ಬರೀ ಪಿಯಾನೋ ಇದೆ. ಅಲೆಯೂ ಇಲ್ಲ, ಹಾರನ್ನೂ ಇಲ್ಲ.

ವಿಡಿಯೋ ಮಾಡಿದ ಆನೆಕೊಂಡದ ಸ್ಟುಡಿಯೋದವರಿಗೆ ಫೋನ್ ಮಾಡಿದೆ.

"ನಿಮ್ಮ ಫೈಲ್ ಕೆಟ್ಟೋಗಿತ್ರಿ ಅಕ್ಕಾರೆ. ಬರೀ ಗರಗರ. ನಡುವೆ ಹೈವೇ ಲಾರಿ ಹಾರನ್ ಬ್ಯಾರೆ! ಎಲ್ಲಾ ಕ್ಲೀನ್ ಮಾಡೀನಿ" ಎಂದರು, ಹೆಮ್ಮೆಯಿಂದ.

"ಅದು ಲಾರಿ ಅಲ್ಲ, ಹಡಗು! ವಾಪಸ್ ಹಾಕಿ!"

"ಹಡಗಾ? ಮದುವಿ ವಿಡಿಯೋದಾಗ ಮುಳುಗೋ ಹಡಗು ಯಾಕ್ರೀ? ಬ್ಯಾಡ ಬಿಡ್ರಿ, ಶುಭ ಅಲ್ಲ."

"ನಮ್ಮ ಹಡಗು ಮುಳುಗಲ್ಲ ರೀ!" ಎಂದು ಕಿರುಚಿಬಿಟ್ಟೆ. ಅವರು ಹೆದರಿ "ಹಾಕ್ತೀನ್ರಿ, ಹಾಕ್ತೀನಿ" ಎಂದರು.

ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ, ಅವರ ಹಿಂದೆ ಮಾವ. ಬಂದಾಗಿನಿಂದ ತಲೆ ತಗ್ಗಿಸಿ "ಹೂಂ" ಎನ್ನುತ್ತಿದ್ದ ಸೊಸೆ ಈ ಮನೆಯಲ್ಲಿ ಮೊದಲ ಸಲ ಕೂಗಿದ್ದು ಹಡಗಿಗಾಗಿ.

"ಯಾವ ಹಡಗವ್ವಾ?" ಎಂದರು ಮಾವ.

ಉತ್ತರ ಹೇಳಬೇಕಾಗಿದ್ದವರು ಪಕ್ಕದಲ್ಲೇ ಕೂತಿದ್ದ, ಆ ಆಟದಲ್ಲಿ ಹಡಗಿನ ಕ್ಯಾಪ್ಟನ್ ಆಗಿರುವ ನನ್ನ ಗಂಡ. ಅವರು ಹಾಲು ತರುತ್ತೇನೆಂದು ಚೀಲ ಹಿಡಿದು ಹೊರಗೆ ಓಡಿದರು. ಫ್ರಿಜ್ ತುಂಬಾ ಹಾಲಿದೆ.